ನಾಯಿ ಊಟ ಮುಟ್ಟುತ್ತಿಲ್ಲ, ಮೇಲೆ ಏನು ಹಾಕಲಿ?

ಪಾರ್ಕಿನಲ್ಲಿ, ಲಿಫ್ಟಿನಲ್ಲಿ, ವಾಟ್ಸಾಪಿನಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. "ನಮ್ಮ ನಾಯಿ ಡಾಗ್ ಫುಡ್ ಮೂಸಿ ನೋಡಿ ಹೋಗಿಬಿಡುತ್ತೆ. ಮೇಲೆ ಏನಾದ್ರೂ ಹಾಕಿದ್ರೆ ಮಾತ್ರ ತಿನ್ನುತ್ತೆ. ಏನು ಹಾಕಬಹುದು ಹೇಳಿ." ಅಂಗಡಿಯವರು ಇದನ್ನು ಟಾಪರ್ ಅನ್ನುತ್ತಾರೆ. ಗ್ರೇವಿ, ಕೋಳಿ ಚೂರು, ಮೊಟ್ಟೆ, ಮೊಸರು, ಹೀಗೆ ಒಣ ಆಹಾರದ ಮೇಲೆ ರುಚಿಗೆ ಅಂತ ಹಾಕುವುದೆಲ್ಲ ಟಾಪರ್ರೇ.

ಚಿಕ್ಕದಾಗಿ ಹೇಳುವುದಾದರೆ, ಹಾಕಿ, ತಪ್ಪೇನಿಲ್ಲ. ಆದರೆ ಟಾಪರ್ ಇರುವುದು ನಾಯಿಯ ಮೂಗಿಗಾಗಿ. ಹೊಟ್ಟೆ ತುಂಬಬೇಕಾದ್ದು ಅದರ ಕೆಳಗಿರುವ ಊಟದಿಂದ. ಇದೊಂದು ನೆನಪಿಟ್ಟುಕೊಂಡರೆ ಏನು ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದು ಅರ್ಧ ಬಗೆಹರಿದಂತೆ.

ಉತ್ತರ ಕೊಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದಿದೆ: ಇದು ಯಾವಾಗಿನಿಂದ? ಮರಿಯಿಂದಲೂ ಹೀಗೆಯೇ ಇದ್ದರೆ ಆ ಮಾತು ಬೇರೆ. ನಿನ್ನೆ ಮೊನ್ನೆವರೆಗೂ ಬಟ್ಟಲು ನೆಕ್ಕಿ ಖಾಲಿ ಮಾಡುತ್ತಿದ್ದ ನಾಯಿ ಇವತ್ತು ಮುಖ ತಿರುಗಿಸಿದರೆ ಟಾಪರ್ ಹುಡುಕಬೇಡಿ, ಕಾರಣ ಹುಡುಕಿ. ನಮ್ಮ ಕಡೆ ಮೊದಲ ಅನುಮಾನ ಟಿಕ್ ಫೀವರ್ ಮೇಲೆ ಬರಬೇಕು. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ, ಬೆಬೀಸಿಯಾದಂಥ ಸೂಕ್ಷ್ಮಜೀವಿಗಳಿಂದ ಬರುವ ಕಾಯಿಲೆ ಇದು. ಎಷ್ಟೋ ನಾಯಿಗಳಲ್ಲಿ ಮೊದಲು ಕಾಣಿಸುವುದೇ ಊಟ ಬಿಡುವುದು. ಜ್ವರ, ಸುಸ್ತು, ವಸಡು ಬಿಳಚಿಕೊಳ್ಳುವುದು ಎಲ್ಲ ಆಮೇಲೆ ಕಣ್ಣಿಗೆ ಬೀಳುತ್ತದೆ. ಇಂಥ ಹೊತ್ತಿನಲ್ಲಿ ಚಿಕನ್ ಹಾಕಿ, ಲಿವರ್ ಹಾಕಿ, ಹೇಗೋ ನಾಲ್ಕು ತುತ್ತು ತಿನ್ನಿಸಿದರೆ "ತಿಂತಿದೆಯಲ್ಲ" ಅಂತ ಮನೆಯವರಿಗೆ ಸಮಾಧಾನವಾಗಿಬಿಡುತ್ತದೆ. ಚಿಕಿತ್ಸೆ ಶುರುವಾಗಬೇಕಿದ್ದ ಎರಡು ಮೂರು ದಿನ ಅಲ್ಲೇ ಕಳೆದುಹೋಗುತ್ತದೆ. ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೇ.

ತುಟಿ ಮೇಲೆತ್ತಿ ವಸಡು ನೋಡಿ. ಚೆನ್ನಾಗಿರುವ ನಾಯಿಯ ವಸಡು ಗುಲಾಬಿ ಬಣ್ಣಕ್ಕಿರುತ್ತದೆ. ಕೆಲವಕ್ಕೆ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತದೆ, ಆಗ ಗುಲಾಬಿ ಇರುವ ಜಾಗ ನೋಡಬೇಕು. ಥರ್ಮಾಮೀಟರ್ ಇದ್ದರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಮಾಮೂಲು. 103 ದಾಟಿತು ಅಂದರೆ ಡಾಕ್ಟರ ಹತ್ತಿರ ಹೊರಡಿ. ಬಟ್ಟಲಿನ ಹತ್ತಿರ ಆಸೆಯಿಂದ ಬಂದು, ಒಂದು ಕಾಳು ಬಾಯಿಗೆ ಹಾಕಿಕೊಂಡು ಕೆಳಗೆ ಬೀಳಿಸಿದರೆ ಹಲ್ಲಿನ ನೋವಿರಬಹುದು. ಹಟ ಮಾಡುವ ನಾಯಿಗೂ ನೋವಿರುವ ನಾಯಿಗೂ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಹಟದ ನಾಯಿ ಆಟಕ್ಕೆ ಬರುತ್ತದೆ, ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ಓಡಿ ಬರುತ್ತದೆ. ಕಾಯಿಲೆಯ ನಾಯಿಗೆ ಅದೂ ಬೇಡ. ದೊಡ್ಡ ನಾಯಿ ಒಂದು ಹೊತ್ತು ಬಿಟ್ಟರೆ ಗಾಬರಿಯಿಲ್ಲ. ಇಡೀ ದಿನ ಏನೂ ಮುಟ್ಟದಿದ್ದರೆ ತೋರಿಸಲೇಬೇಕು. ಪುಟ್ಟ ತಳಿಗಳ ಮರಿಗಳಿಗೆ ಅಷ್ಟು ಹೊತ್ತೂ ಕಾಯಬೇಡಿ, ಅವಕ್ಕೆ ಸಕ್ಕರೆ ಅಂಶ ಬೇಗ ಇಳಿದುಬಿಡುತ್ತದೆ.

ಲ್ಯಾಬ್ರಡಾರ್ ಆದರೆ ನಾನು ಇನ್ನೂ ಬೇಗ ಎಚ್ಚರವಾಗುತ್ತೇನೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಷಯ ಪತ್ತೆ ಮಾಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಣುಕೇ ಇರುವುದಿಲ್ಲ. ಅಂಥ ನಾಯಿಗೆ ಊಟದ ಮೇಲೆ ಆಸೆ ಜಾಸ್ತಿ, ತೂಕವೂ ಜಾಸ್ತಿ. ಹಾಗಿರುವಾಗ ಲ್ಯಾಬ್ ಒಂದು ಊಟ ಬೇಡ ಅಂತು ಅಂದರೆ ಅದನ್ನು ಹಟ ಅಂತ ನಾನು ಒಪ್ಪುವುದಿಲ್ಲ.

ಇನ್ನು ಕಾಯಿಲೆ ಏನೂ ಇಲ್ಲ, ಊಟ ಮಾತ್ರ ಬೇಡ ಅನ್ನುವ ನಾಯಿಗಳು. ಇವುಗಳಲ್ಲಿ ಮುಕ್ಕಾಲು ಪಾಲಕ್ಕೆ ಹಸಿವೇ ಆಗಿರುವುದಿಲ್ಲ ಅಂತ ನನ್ನ ಅನಿಸಿಕೆ. ಐದು ಕೆಜಿ ತೂಗುವ ಒಂದು ಶಿಟ್ಜು ಇದೆ ಅಂದುಕೊಳ್ಳಿ. ದಿನಕ್ಕೆ ಅದಕ್ಕೆ ಬೇಕಾದದ್ದು ಹೆಚ್ಚುಕಡಿಮೆ 370 ಕ್ಯಾಲೊರಿ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20 ಕ್ಯಾಲೊರಿ ದಾಟುತ್ತದೆ. ಬೆಳಿಗ್ಗೆ ಕಾಫಿ ಜೊತೆ ಅಜ್ಜಿ ಎರಡು ಕೊಡುತ್ತಾರೆ, ಮಗು ಶಾಲೆಗೆ ಹೋಗುವಾಗ ಎರಡು, ಸಂಜೆ ಟೀ ಹೊತ್ತಿಗೆ ಮತ್ತೆ ನಾಲ್ಕು. ಅಲ್ಲಿಗೆ ಅರ್ಧ ದಿನದ ಊಟ ಮುಗಿಯಿತು. ರಾತ್ರಿ ಬಟ್ಟಲು ಇಟ್ಟಾಗ ಅದು ಮೂಸಿ ಹೋದರೆ ಅದರ ತಪ್ಪೇನು? ಈ ಮನೆಗೆ ಟಾಪರ್ ಬೇಕಿಲ್ಲ. ಬಿಸ್ಕತ್ತಿನ ಡಬ್ಬ ಮೇಲಿನ ಅಟ್ಟಕ್ಕೆ ಹೋದರೆ ಸಾಕು. ಅಜ್ಜಿಗೆ ಬೇಜಾರಾಗದ ಹಾಗೆ, ದಿನದ ಡಾಗ್ ಫುಡ್‌ನಲ್ಲೇ ಒಂದು ಹಿಡಿ ತೆಗೆದು ಅವರ ಕೈಗೆ ಕೊಡಿ. ಒಂದೊಂದೇ ಕಾಳು ಕೊಡಲಿ. ನಾಯಿಗೆ ಬೇಕಿರುವುದು ಅವರ ಕೈಯಿಂದ ತಿನ್ನುವುದು, ಅಲ್ವಾ?

ಮರಿಗಳ ವಿಷಯವೂ ಹೀಗೇ. ಆರೆಂಟು ತಿಂಗಳಾದ ಮೇಲೆ ಬೆಳವಣಿಗೆಯ ಓಟ ನಿಧಾನವಾಗುತ್ತದೆ, ಊಟವೂ ಇಳಿಯುತ್ತದೆ. ಇದು ಸಹಜ. ಮುಧೋಳ ನಾಯಿ ಸಾಕಿದವರಂತೂ ಸುಮ್ಮನೆ ಕೊರಗುತ್ತಾರೆ. ಓಡುವುದಕ್ಕೇ ಆದ ತಳಿ ಅದು, ಪಕ್ಕೆಲುಬು ಒಂದೆರಡು ಕಾಣುವುದು ಅದರ ಮೈಕಟ್ಟು. "ಅಯ್ಯೋ, ಊಟ ಹಾಕಲ್ವಾ ಇದಕ್ಕೆ?" ಅನ್ನುವ ಅಕ್ಕಪಕ್ಕದವರ ಮಾತಿಗೆ ಹೆದರಿ ತುಪ್ಪ ಸುರಿಯಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ನಾಯಿಗೆ ಊಟ ಹಿಡಿಸುತ್ತಿಲ್ಲ ಅಂದರೆ ಆಗ ಟಾಪರ್. ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಗೆ 1,700 ಇರುತ್ತವೆ. ರುಚಿಯ ಕೆಲಸ ಜಾಸ್ತಿ ಮಾಡುವುದು ಅದರ ಮೂಗು. ಅದಕ್ಕೇ ನಾನು ಮೊದಲು ಹೇಳುವ ಟಾಪರ್ ಬಿಸಿನೀರು. ಕುದಿಯುವ ನೀರು ಬೇಡ, ಬೆರಳು ಅದ್ದಿದರೆ ಹಿತವಾಗಿರಬೇಕು. ಕಾಳು ಮುಳುಗಿಸಬೇಡಿ, ನೆನೆಯುವಷ್ಟು ಹಾಕಿ ಐದು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದಾಗ ಅಡುಗೆಮನೆಯೆಲ್ಲ ವಾಸನೆ ಹರಡುತ್ತದೆ. ಮೇಲಿನ ಕೊಬ್ಬು ಕರಗಿ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗೆ ಪುಡಿಯಾಗುತ್ತದೆ. ಎಷ್ಟೋ ನಾಯಿಗಳಿಗೆ ಇಷ್ಟೇ ಸಾಕಾಗುತ್ತದೆ. ಖರ್ಚಿಲ್ಲ, ಒಂದು ಕ್ಯಾಲೊರಿಯೂ ಸೇರಲಿಲ್ಲ. ನೆನೆಸಿದ್ದು ಉಳಿದರೆ ಇಟ್ಟುಕೊಳ್ಳಬೇಡಿ, ನಮ್ಮ ಸೆಕೆಗೆ ಬೇಗ ಹಳಸುತ್ತದೆ.

ಅದಕ್ಕೂ ಬಗ್ಗದಿದ್ದರೆ ಕೋಳಿ ಬೇಯಿಸಿದ ನೀರು. ಉಪ್ಪು, ಮಸಾಲೆ ಏನೂ ಬೇಡ. ಆರಿಸಿ ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಮೇಲೆ ಗಟ್ಟಿಯಾಗುತ್ತದೆ, ಅದನ್ನು ಚಮಚದಿಂದ ತೆಗೆದುಬಿಡಿ. ಉಳಿದದ್ದನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಟ್ಟರೆ ಹೊತ್ತಿಗೊಂದು ತುಂಡು ಕರಗಿಸಿ ಹಾಕಬಹುದು. ಸಸ್ಯಾಹಾರಿ ಮನೆಗಳಲ್ಲಿ ಮೊಸರು ಒಂದು ಚಮಚ, ಬೇಯಿಸಿ ಹಿಚುಕಿದ ಸಿಹಿಗುಂಬಳ ಅಥವಾ ಗೆಣಸು, ಪುಡಿ ಮಾಡಿದ ಪನ್ನೀರು ಸರಿಹೋಗುತ್ತದೆ. ಹಾಲು ಎಲ್ಲಕ್ಕೂ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಕರಾವಳಿಯವರಿಗೆ ಬೂತಾಯಿಗಿಂತ ಒಳ್ಳೆಯ ಟಾಪರ್ ಇಲ್ಲ: ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಅರ್ಧ ಮೀನು. ಒಣಮೀನು ಬೇಡ, ಅದು ಬರೀ ಉಪ್ಪು. ಲಿವರ್ ಚೂರು ನಾಯಿಗೆ ಪ್ರಾಣ, ಆದರೆ ದಿನವೂ ಕೊಟ್ಟರೆ ವಿಟಮಿನ್ ಎ ಜಾಸ್ತಿಯಾಗುತ್ತದೆ.

ದಯವಿಟ್ಟು ಮನೆಯ ಸಾರು, ಹುಳಿ, ಗೊಜ್ಜು, ಕೋಳಿ ಸಾರಿನ ರಸ ಮಾತ್ರ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹೋಗುವುದಿಲ್ಲ, ಪುಡಿ ಮಾಡಿದರೂ ಹೋಗುವುದಿಲ್ಲ. ಪರಿಣಾಮ ಕಾಣಲು ಕೆಲವು ದಿನ ಬೇಕು, ಹಾಗಾಗಿ "ನಿನ್ನೆ ತಿಂತು, ಏನೂ ಆಗ್ಲಿಲ್ಲ" ಅನ್ನುವ ಮಾತನ್ನು ನಂಬಬೇಡಿ. ಅಂಗಡಿಯ ಸೂಪ್ ಪುಡಿ, ಸೂಪ್ ಕ್ಯೂಬ್‌ಗಳಲ್ಲೂ ಇವೇ ಇರುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲವು, ಎಷ್ಟು ತಿಂದರೆ ಅಪಾಯ ಅನ್ನುವುದು ನಾಯಿಯಿಂದ ನಾಯಿಗೆ ಬೇರೆ. ಹಬ್ಬದ ದಿನ ಪಾಯಸ, ಕೇಸರಿಬಾತ್ ಒಂದು ಚಮಚ ಹಾಕುವವರು ಇದನ್ನು ನೆನಪಿಡಿ. ಮದುವೆಮನೆಯಿಂದ ತಂದ ಮೊಸರನ್ನದಲ್ಲೂ ಹಸಿರು ದ್ರಾಕ್ಷಿ ಅಡಗಿರುತ್ತದೆ. ಪೀನಟ್ ಬಟರ್ ಹಾಕುವುದಾದರೆ ಡಬ್ಬದ ಮೇಲೆ ಕ್ಸೈಲಿಟಾಲ್ ಅಂತ ಇದೆಯಾ ನೋಡಿ. ಇದ್ದರೆ ಮುಟ್ಟಲೇಬೇಡಿ, ನಾಯಿಗೆ ಅದು ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ.

ಎಷ್ಟು ಹಾಕಬೇಕು? ಪಶುವೈದ್ಯರು ಹೇಳುವ ಲೆಕ್ಕ, ದಿನದ ಕ್ಯಾಲೊರಿಯಲ್ಲಿ ಶೇ. 10 ದಾಟಬಾರದು. ಬಿಸ್ಕತ್ತು, ತಿಂಡಿ ಎಲ್ಲ ಸೇರಿ ಇಷ್ಟು. ಹತ್ತು ಕೆಜಿಯ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು, ಅಂದರೆ ಟಾಪರ್‌ಗೆ 60. ಒಂದು ಬೆಂದ ಮೊಟ್ಟೆಯಲ್ಲಿ 70ರ ಮೇಲಿರುತ್ತದೆ. ಇಡೀ ಮೊಟ್ಟೆಯೇ ಜಾಸ್ತಿಯಾಯಿತು ನೋಡಿ. ಹಾಕಿದಷ್ಟು ಡಾಗ್ ಫುಡ್ ಕಡಿಮೆ ಮಾಡಬೇಕು. ಅಂಗಡಿಯ ಗ್ರೇವಿ ಪೌಚ್ ತಂದರೆ ಹಿಂದುಗಡೆ ಓದಿ. ಕಂಪ್ಲೀಟ್ ಅಂತ ಇದ್ದರೆ ಅದೇ ಒಂದು ಊಟ, ಕಾಂಪ್ಲಿಮೆಂಟರಿ ಅಂತ ಇದ್ದರೆ ಮೇಲೋಗರ ಮಾತ್ರ. ಮೇಲೋಗರವನ್ನೇ ಊಟ ಮಾಡಿದರೆ, ಅದರಲ್ಲೂ ಬೆಳೆಯುವ ಮರಿಗೆ ಬರೀ ಚಿಕನ್ ಅನ್ನ ಹಾಕಿದರೆ, ಕ್ಯಾಲ್ಸಿಯಂ ಸಾಲದೆ ಕಾಲಿನ ಮೂಳೆಯೇ ಸೊಟ್ಟಗಾಗಬಹುದು.

ಹೆಸರಿಗೆ ಟಾಪರ್ ಆದರೂ ಮೇಲೆ ಹಾಕಿ ಬಿಡಬೇಡಿ. ಮೇಲಿದ್ದರೆ ಚಿಕನ್ ಆರಿಸಿ ತಿಂದು ಕಾಳು ಬಿಟ್ಟು ಹೋಗುತ್ತದೆ. ಸಣ್ಣಗೆ ಹಿಚುಕಿ, ಬಿಸಿನೀರಿನ ಜೊತೆ ಕೈಯಿಂದ ಕಲಸಿ, ಪ್ರತಿ ಕಾಳಿಗೂ ವಾಸನೆ ಅಂಟಬೇಕು. ಬಟ್ಟಲು ಇಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ. ತಿನ್ನದಿದ್ದರೆ ಬೈಯದೆ, ಬೇಡಿಕೊಳ್ಳದೆ ಎತ್ತಿಡಿ. ಮುಂದಿನ ಊಟದ ಹೊತ್ತಿನವರೆಗೆ ಏನೂ ಇಲ್ಲ. ಮುಟ್ಟಲಿಲ್ಲ ಅಂತ ಐದು ನಿಮಿಷಕ್ಕೆ ಮೊಟ್ಟೆ ತಂದು ಹಾಕಿದರೆ, ಕಾದರೆ ಇನ್ನೂ ಒಳ್ಳೆಯದು ಬರುತ್ತದೆ ಅಂತ ಅದು ಕಲಿಯುತ್ತದೆ. ಊಟ ಸರಿಹೋದ ಮೇಲೆ ಟಾಪರ್ ದಿನದಿಂದ ದಿನಕ್ಕೆ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ.

ಚೀಲವನ್ನೂ ಒಮ್ಮೆ ಮೂಸಿ ನೋಡಿ. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಮೂಟೆಯಿಂದ ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಲೂಸ್ ಫುಡ್‌ನಲ್ಲಿ ಎಣ್ಣೆ ಕಮಟು ವಾಸನೆ ಬಂದಿರುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಬೇಗ. ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ ನಾಯಿಗೆ ಗೊತ್ತಾಗಿರುತ್ತದೆ. ಸೀಲ್ ಇರುವ ಚಿಕ್ಕ ಚೀಲ ತನ್ನಿ, ಆ ಚೀಲದ ಸಮೇತ ಗಾಳಿಯಾಡದ ಡಬ್ಬದಲ್ಲಿಡಿ, ಒಂದೂವರೆ ತಿಂಗಳೊಳಗೆ ಮುಗಿಸಿ.

ವಯಸ್ಸಾದ ನಾಯಿಗಳಿಗೆ ಮಾತ್ರ ಈ ಶಿಸ್ತು ಯಾವುದೂ ಬೇಡ. ವಯಸ್ಸಾದಂತೆ ಮೂಗು ಮಂಕಾಗುತ್ತದೆ, ಹಲ್ಲು ಉದುರಿರುತ್ತದೆ. ಅವಕ್ಕೆ ಟಾಪರ್ ಕೊನೆಯವರೆಗೂ ಇರಲಿ. ಬೆಚ್ಚಗೆ ಮಾಡಿ, ಮೆತ್ತಗೆ ಕಲಸಿ, ಬಟ್ಟಲನ್ನು ಬಗ್ಗದೆ ತಿನ್ನುವ ಎತ್ತರಕ್ಕೆ ಇಟ್ಟು, ಪಕ್ಕದಲ್ಲಿ ಕೂತು ತಿನ್ನಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಮೊಟ್ಟೆ, ಲಿವರ್, ಪನ್ನೀರಿನ ಬಗ್ಗೆ ಮೊದಲು ಡಾಕ್ಟರನ್ನು ಕೇಳಿ. ಅವುಗಳಲ್ಲಿರುವ ರಂಜಕ ಅಂಥ ನಾಯಿಗೆ ಒಳ್ಳೆಯದಲ್ಲ.