ಪಿಸ್ತೂಲು ಹಿಡಿದು ಓಡುವುದು ಅಪಾಯ ಅಲ್ವಾ?

ಪುಣೆಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ, ಆಕ್ಷನ್ ಶೂಟಿಂಗ್ ಅನ್ನುವ, ಓಡುತ್ತಾ ಗುರಿಗೆ ಹೊಡೆಯುವ ಆಟ ಆಡಿದ್ದಕ್ಕೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ, ಹಿಂಜವಡಿಯ ಆಫೀಸ್ ಕ್ಯಾಂಟೀನಲ್ಲೂ ಕೇಳುತ್ತಾರೆ. ಧಾರವಾಡದ ಕಡೆಯ ಹಿರಿಯರೊಬ್ಬರು ನೇರವಾಗಿ ಕೇಳಿಬಿಟ್ಟರು: "ಅಲ್ರೀ, ಕೈಯಾಗ ಪಿಸ್ತೂಲ್ ಹಿಡ್ಕೊಂಡು ಓಡೋದಂದ್ರ ಅಪಾಯ ಅಲ್ಲೇನ್ರೀ? ಯಾರಿಗರೆ ಬಡೀತಂದ್ರ?"

ನನ್ನ ಉತ್ತರ ಇದು. ಪಿಸ್ತೂಲು ಅಪಾಯದ ವಸ್ತುವೇ, ಅದರಲ್ಲಿ ಎರಡು ಮಾತಿಲ್ಲ. ಈ ಆಟ ಕಟ್ಟಿದವರು ಅದನ್ನು ಒಪ್ಪಿಕೊಂಡೇ ಶುರು ಮಾಡಿದರು. ಆಟಗಾರ ಎಷ್ಟೇ ನುರಿತವನಾಗಿರಲಿ, ಅವನ ಮೇಲೆ ಭರವಸೆ ಇಟ್ಟು ಇಲ್ಲಿ ಯಾವ ನಿಯಮವನ್ನೂ ಬರೆದಿಲ್ಲ. ಅದಕ್ಕೇ ನನಗೆ ಈ ಆಟದ ಮೇಲೆ ಇಷ್ಟು ಗೌರವ.

ಟಿವಿಯಲ್ಲಿ ನಾವು ನೋಡುವ ಶೂಟಿಂಗ್ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಆಟಗಾರರು ನಿಂತ ಜಾಗದಿಂದ ಕದಲುವುದಿಲ್ಲ. ನಾನು ಹೇಳುತ್ತಿರುವುದು ಆಕ್ಷನ್ ಶೂಟಿಂಗ್. ಕೆಲಸದ ಮೇಲೆ ಜೆಕ್ ದೇಶದಲ್ಲಿದ್ದಾಗ ಬ್ರನೋ ಹತ್ತಿರದ ಒಂದು ಕ್ಲಬ್‌ನಲ್ಲಿ ಇದನ್ನು ಕಲಿತೆ. ಇದರ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆ ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಲ್ಲಿ ಹುಟ್ಟಿತು. ಜೆಫ್ ಕೂಪರ್ ಮೊದಲ ಅಧ್ಯಕ್ಷರು.

ಒಂದು ಪಂದ್ಯದಲ್ಲಿ ಹಲವು ಸ್ಟೇಜ್‌ಗಳು. ಸ್ಟೇಜ್ ಅಂದರೆ ಎತ್ತರದ ಮಣ್ಣಿನ ದಿಬ್ಬಗಳ ನಡುವಿನ ಒಂದು ಅಂಗಳ ಅಂದುಕೊಳ್ಳಿ. ಒಳಗೆ ಮರದ ಚೌಕಟ್ಟಿನ ಗೋಡೆ, ಕಿಟಕಿ, ಬಾಗಿಲು. ಅವುಗಳ ಹಿಂದೆ ಕಂದು ರಟ್ಟಿನ ಗುರಿಗಳು. ಜೊತೆಗೆ ಗುಂಡು ತಾಗಿದರೆ ಮಗುಚಿ ಬೀಳುವ ಉಕ್ಕಿನ ಪಾಪರ್‌ಗಳು. ಮಧ್ಯೆ ಮಧ್ಯೆ ಹೊಡೆಯಬಾರದ ಗುರಿಗಳೂ ಇರುತ್ತವೆ, ಸಾಮಾನ್ಯವಾಗಿ ಬಿಳಿ ಬಣ್ಣದವು. ಅವಕ್ಕೆ ಗುಂಡು ಬಿದ್ದರೆ 10 ಅಂಕ ಹೋಯಿತು. ಚಿಕ್ಕ ಸ್ಟೇಜ್‌ಗೆ ಹೆಚ್ಚೆಂದರೆ 12 ಗುಂಡು, ಮಧ್ಯಮದ್ದಕ್ಕೆ 24, ದೊಡ್ಡದಕ್ಕೆ 32. ಯಾವ ಗುರಿ ಮೊದಲು, ಎಲ್ಲಿ ನಿಂತು ಹೊಡೆಯಬೇಕು, ಎಲ್ಲಿ ಮ್ಯಾಗಜಿನ್ (ಪಿಸ್ತೂಲಿನ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಬದಲಿಸಬೇಕು, ಇವೆಲ್ಲ ಆಟಗಾರನೇ ಯೋಚಿಸಬೇಕಾದ್ದು. ಪಂದ್ಯಕ್ಕೆ ಮುಂಚೆ ಎಲ್ಲರೂ ಬರಿಗೈಯಲ್ಲಿ ಸ್ಟೇಜ್ ಒಳಗೆ ಓಡಾಡುತ್ತಾರೆ. ಬೆರಳು ಚಾಚಿ ಗುರಿ ಎಣಿಸುತ್ತಾರೆ, ಹೆಜ್ಜೆ ಲೆಕ್ಕ ಹಾಕುತ್ತಾರೆ, ಕಣ್ಣು ಮುಚ್ಚಿ ಮತ್ತೊಮ್ಮೆ ಮನಸ್ಸಲ್ಲೇ ಓಡುತ್ತಾರೆ.

ಈಗ ಅಪಾಯದ ವಿಷಯಕ್ಕೆ ಬರೋಣ.

ರೇಂಜ್‌ಗೆ ಕಾಲಿಟ್ಟಾಗ ಎಲ್ಲರ ಪಿಸ್ತೂಲೂ ಖಾಲಿ. ಸೊಂಟದ ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಇರಬೇಕು. ಸುಮ್ನೆ ತೆಗೆದು ಗೆಳೆಯರಿಗೆ ತೋರಿಸುವಂತಿಲ್ಲ. ಪಿಸ್ತೂಲು ಮುಟ್ಟಲೇಬೇಕು ಅಂದರೆ ಸೇಫ್ಟಿ ಏರಿಯಾ ಅಂತ ಒಂದು ಜಾಗ ಇದೆ. ಅಲ್ಲಿ ಪಿಸ್ತೂಲು ಬಿಚ್ಚಬಹುದು, ಒರೆಸಬಹುದು, ಆದರೆ ಒಂದೇ ಒಂದು ಗುಂಡನ್ನೂ ಕೈಯಲ್ಲಿ ಹಿಡಿಯುವಂತಿಲ್ಲ. ಪಿಸ್ತೂಲು ಇದ್ದಲ್ಲಿ ಗುಂಡಿಲ್ಲ. ಎರಡೂ ಸೇರುವುದು ರೇಂಜ್ ಆಫೀಸರ್, ಅಂದರೆ ಸ್ಟೇಜ್ ನೋಡಿಕೊಳ್ಳುವ ತೀರ್ಪುಗಾರರ ಕಣ್ಣೆದುರು, ಅವರು ಹೇಳಿದ ಮೇಲೆ.

ಅವರು ಹೇಳುವ ಮಾತುಗಳೂ ಗೊತ್ತುಪಡಿಸಿದವು. "ಲೋಡ್ ಅಂಡ್ ಮೇಕ್ ರೆಡಿ" ಅಂದ ಮೇಲೆಯೇ ಗುಂಡು ತುಂಬಬೇಕು. ನಂತರ "ಆರ್ ಯು ರೆಡಿ?", ಆಮೇಲೆ "ಸ್ಟ್ಯಾಂಡ್ ಬೈ". ಅಲ್ಲಿಂದ 1ರಿಂದ 4 ಸೆಕೆಂಡಿನೊಳಗೆ ಟೈಮರ್ ಬೀಪ್ ಅನ್ನುತ್ತದೆ. ಆಟಗಾರ ಓಡಿದ ಕಡೆಯೆಲ್ಲ ಆಫೀಸರ್ ಟೈಮರ್ ಹಿಡಿದು ಹಿಂದೆಯೇ ಇರುತ್ತಾರೆ. ಅವರ ಕಣ್ಣು ಗುರಿಯ ಮೇಲೆ ಇರುವುದಿಲ್ಲ. ಆಟಗಾರನ ಪಿಸ್ತೂಲು, ಬೆರಳು, ಪಾದ, ಅಷ್ಟನ್ನೇ ನೋಡುತ್ತಿರುತ್ತಾರೆ. ಮುಗಿದ ಮೇಲೆ ಆಟಗಾರ ಮ್ಯಾಗಜಿನ್ ತೆಗೆದು, ಪಿಸ್ತೂಲಿನ ಮೇಲೆ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್ ಖಾಲಿ ಅಂತ ತೋರಿಸಬೇಕು. ಆಫೀಸರ್ ಬಗ್ಗಿ ನೋಡುತ್ತಾರೆ. ಆಮೇಲೆ ಸ್ಲೈಡ್ ಮುಂದಕ್ಕೆ ಬಿಟ್ಟು, ದಿಬ್ಬದ ಕಡೆ ಗುರಿಯಿಟ್ಟು ಟ್ರಿಗರ್ ಒಮ್ಮೆ ಎಳೆಯಬೇಕು. ಟಕ್ ಅಂತ ಬರೀ ಸದ್ದು ಬಂದರೆ ಹೋಲ್‌ಸ್ಟರ್‌ಗೆ. "ರೇಂಜ್ ಈಸ್ ಕ್ಲಿಯರ್" ಅನ್ನುವ ತನಕ ಬೇರೆ ಯಾರೂ ಒಳಗೆ ಹೆಜ್ಜೆ ಇಡುವುದಿಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕಡ್ಡಾಯ, ನೋಡಲು ಬಂದವರಿಗೂ. ಉಕ್ಕಿನ ಗುರಿಗೆ 7 ಮೀಟರ್‌ಗಿಂತ ಹತ್ತಿರದಿಂದ ಹೊಡೆಯುವಂತಿಲ್ಲ, ಸೀಸದ ಚೂರು ವಾಪಸ್ ಸಿಡಿಯುತ್ತದೆ ಅಂತ.

ಓಡುವಾಗ ಎರಡು ನಿಯಮ ಎಲ್ಲಕ್ಕಿಂತ ಮುಖ್ಯ. ಗುರಿಗೆ ಹೊಡೆಯದೆ ಜಾಗ ಬದಲಿಸುತ್ತಿದ್ದರೆ, ಗುಂಡು ತುಂಬುತ್ತಿದ್ದರೆ, ಬೆರಳು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ಹೊರಗೆ ಸ್ಪಷ್ಟವಾಗಿ ಕಾಣಬೇಕು. ಇನ್ನೊಂದು, ನಳಿಗೆ ಯಾವಾಗಲೂ ಎದುರಿನ ದಿಬ್ಬದ ಕಡೆಗೇ ಇರಬೇಕು. ಎಡಕ್ಕಾಗಲಿ ಬಲಕ್ಕಾಗಲಿ 90 ಡಿಗ್ರಿ ದಾಟಿದರೆ ಆಟ ಮುಗಿಯಿತು. ಬರೀ ಆ ಸ್ಟೇಜ್ ಅಲ್ಲ, ಇಡೀ ಪಂದ್ಯದಿಂದಲೇ ಹೊರಗೆ. ಪಿಸ್ತೂಲು ಕೈ ಜಾರಿ ಬಿದ್ದರೂ ಅಷ್ಟೇ. ನಳಿಗೆ ತನ್ನದೇ ಕೈ ಮುಂದೆ ಹಾದುಹೋದರೂ ಅಷ್ಟೇ. ಸರದಿ ಇಲ್ಲದಾಗ ಖಾಲಿ ಪಿಸ್ತೂಲು ಚೀಲದಿಂದ ಜಾರಿ ಬಿತ್ತು ಅಂತಿಟ್ಟುಕೊಳ್ಳಿ. ಅದಕ್ಕೆ ಶಿಕ್ಷೆ ಇಲ್ಲ, ಆದರೆ ನೀವೇ ಬಗ್ಗಿ ಎತ್ತಿಕೊಂಡರೆ ಹೊರಗೆ. ಆಫೀಸರನ್ನು ಕರೆಯಬೇಕು, ಅವರೇ ಎತ್ತಿ ಪರೀಕ್ಷಿಸಿ ಕೊಡುತ್ತಾರೆ. ಗಾಬರಿಯಲ್ಲಿ ಎತ್ತುವ ಕೈಯೇ ಟ್ರಿಗರ್‌ಗೆ ತಾಗುತ್ತದೆ, ಅದಕ್ಕೆ ಈ ನಿಯಮ.

ಆ ಕ್ಲಬ್‌ನಲ್ಲಿ ಒಬ್ಬ ಹಳೆಯ ಆಟಗಾರರಿದ್ದರು. ನಮಗೆಲ್ಲ ಕಲಿಸಿದವರೇ. ಒಂದು ಪಂದ್ಯದಲ್ಲಿ ಎಡಕ್ಕೆ ಓಡುತ್ತಾ ಮ್ಯಾಗಜಿನ್ ಬದಲಿಸುವಾಗ ಅವರ ಬೆರಳು ಒಳಗಿತ್ತು. ಆಫೀಸರ್ ಚಿಕ್ಕ ವಯಸ್ಸಿನ ಹುಡುಗಿ. "ಸ್ಟಾಪ್" ಅಂದಳು. ಅವರು ನಿಂತರು, ಖಾಲಿ ಮಾಡಿ ತೋರಿಸಿದರು, ಹುಡುಗಿಯ ಕೈ ಕುಲುಕಿದರು. ಒಂದು ಮಾತು ವಾದವಿಲ್ಲ. ಪಿಸ್ತೂಲನ್ನು ಚೀಲಕ್ಕೆ ಹಾಕಿ ಬಂದವರು ಸಂಜೆ ತನಕ ನಮ್ಮ ಜೊತೆ ರಟ್ಟಿನ ತೂತುಗಳಿಗೆ ಟೇಪ್ ಅಂಟಿಸಿದರು. ಅಪಾಯ ಅಲ್ವಾ ಅಂತ ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ದೊಡ್ಡವರಿಗೂ ರಿಯಾಯಿತಿ ಇಲ್ಲದಿರುವುದರಿಂದಲೇ ಅಲ್ಲಿ ನಾನು ನಿಶ್ಚಿಂತೆಯಿಂದ ನಿಂತಿರುತ್ತಿದ್ದೆ.

ಇನ್ನು ಕೆಲವರು ಅಂದುಕೊಳ್ಳುವುದು, ವೇಗ ಇದ್ದವನು ಗೆಲ್ಲುತ್ತಾನೆ ಅಂತ. ಹಾಗಲ್ಲ. ಪಡೆದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದಕ್ಕೆ ಹಿಟ್ ಫ್ಯಾಕ್ಟರ್ ಅನ್ನುತ್ತಾರೆ. ರಟ್ಟಿನ ನಡುವಿನ ಎ ಭಾಗಕ್ಕೆ 5 ಅಂಕ. ಸಿ ಮತ್ತು ಡಿ ಭಾಗಗಳಿಗೆ ಕಡಿಮೆ. ಗುರಿ ತಪ್ಪಿದರೆ 10 ಕಳೆಯುತ್ತಾರೆ. 16 ಗುಂಡಿನ ಸ್ಟೇಜ್ ತೆಗೆದುಕೊಳ್ಳಿ. ಒಬ್ಬಳು ಎಲ್ಲವನ್ನೂ ಎ ಭಾಗಕ್ಕೇ ಹೊಡೆದು 10 ಸೆಕೆಂಡಿನಲ್ಲಿ 80 ಅಂಕ ಪಡೆದಳು. ಹಿಟ್ ಫ್ಯಾಕ್ಟರ್ 8. ಇನ್ನೊಬ್ಬಳು 14 ಎ, 2 ಸಿ ಹೊಡೆದು 76 ಅಂಕ ಪಡೆದಳು, ಆದರೆ 8 ಸೆಕೆಂಡಿನಲ್ಲಿ. ಅವಳದ್ದು 9.5. ಹೆಚ್ಚು ಹಿಟ್ ಫ್ಯಾಕ್ಟರ್ ಇದ್ದವರಿಗೆ ಸ್ಟೇಜಿನ ಪೂರ್ತಿ ಅಂಕ, ಉಳಿದವರಿಗೆ ಅದೇ ಅನುಪಾತದಲ್ಲಿ. ಹಾಗಾಗಿ ಪೂರ್ತಿ 80 ಅವಳಿಗೆ, ಮೊದಲನೆಯವಳಿಗೆ 67 ಚಿಲ್ಲರೆ. ಆದರೆ ಇದೇ ಎರಡನೆಯವಳು ಆತುರಕ್ಕೆ ಬಿದ್ದು ಆ ಎರಡು ಸಿ ಗುಂಡುಗಳನ್ನು ಪೂರ್ತಿ ತಪ್ಪಿಸಿದ್ದರೆ? 70ರಲ್ಲಿ 20 ಹೋಗಿ 50 ಉಳಿಯುತ್ತಿತ್ತು, ಹಿಟ್ ಫ್ಯಾಕ್ಟರ್ 6.25ಕ್ಕೆ ಇಳಿಯುತ್ತಿತ್ತು. ಎಲ್ಲಿ ಓಡಬೇಕು, ಎಲ್ಲಿ ಅರೆಕ್ಷಣ ತಡೆಯಬೇಕು ಅಂತ ಗೊತ್ತಿರಬೇಕು. ಫ್ರಾನ್ಸ್‌ನ ಎರಿಕ್ ಗ್ರೋಫೆಲ್ ಹಲವು ಬಾರಿ ವಿಶ್ವ ಚಾಂಪಿಯನ್ ಆದವರು. ಅವರು ಆಡುವುದನ್ನು ನೋಡಿದರೆ ಆತುರವೇ ಕಾಣುವುದಿಲ್ಲ, ಗಡಿಯಾರ ಮಾತ್ರ ಬೇರೆ ಹೇಳುತ್ತದೆ.

ಸಾಮಾನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಓಪನ್ ವಿಭಾಗದಲ್ಲಿ ಕೆಂಪು ಚುಕ್ಕಿಯ ಸೈಟ್, ನಳಿಗೆಯ ತುದಿಗೆ ಪಿಸ್ತೂಲಿನ ಜಿಗಿತ ತಗ್ಗಿಸುವ ಕಾಂಪನ್ಸೇಟರ್ ಎಲ್ಲ ಹಾಕಬಹುದು. ಪ್ರೊಡಕ್ಷನ್ ವಿಭಾಗದಲ್ಲಿ ಕಾರ್ಖಾನೆಯಿಂದ ಬಂದ ಹಾಗೇ ಇರುವ ಪಿಸ್ತೂಲು, ಮ್ಯಾಗಜಿನ್‌ನಲ್ಲಿ 15 ಗುಂಡು. ನನಗೆ ಇಷ್ಟ ಇದೇ. ಗುಂಡಿನ ಬಲಕ್ಕೂ ಒಂದು ಲೆಕ್ಕ ಇದೆ, ಪವರ್ ಫ್ಯಾಕ್ಟರ್ ಅಂತ. ಗುಂಡಿನ ತೂಕ ಗ್ರೇನ್ ಅನ್ನುವ ಚಿಕ್ಕ ಅಳತೆಯಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ. ಎರಡನ್ನೂ ಗುಣಿಸಿ 1000ದಿಂದ ಭಾಗಿಸಬೇಕು. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130. ಕನಿಷ್ಠ 125 ಇರಬೇಕು. ಪಂದ್ಯದ ನಡುವೆ ನಿಮ್ಮ ಗುಂಡುಗಳನ್ನೇ ತೆಗೆದುಕೊಂಡು ಅಳೆಯುತ್ತಾರೆ. ಕಡಿಮೆ ಬಂದರೆ ನೀವು ಆಡಬಹುದು, ಅಂಕ ಮಾತ್ರ ಇಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಐಪಿಎಸ್‌ಸಿಯ ರಟ್ಟಿನ ಗುರಿಗೆ ತಲೆ ಇಲ್ಲ, ಅದು ಮನುಷ್ಯನ ಆಕಾರವಲ್ಲ. ಸೈನಿಕರ ಹಾಗೆ ಕಾಣುವ ಬಟ್ಟೆ ಹಾಕಿಕೊಂಡು ಬರುವುದನ್ನೂ ನಿಯಮಪುಸ್ತಕ ಇಷ್ಟಪಡುವುದಿಲ್ಲ. ಇದು ಆಟ, ಯುದ್ಧದ ನಾಟಕ ಅಲ್ಲ. ಟೇಪ್ ಅಂಟಿಸುವುದು, ಪಾಪರ್ ಎತ್ತಿ ನಿಲ್ಲಿಸುವುದು, ಇವೆಲ್ಲ ಆಟಗಾರರದ್ದೇ ಕೆಲಸ. ಚಾಂಪಿಯನ್ ಕೂಡ ಟೇಪ್ ಸುರುಳಿ ಹಿಡಿದು ನಡೆಯುತ್ತಾನೆ.

ಹಾಗಾದರೆ ಇಲ್ಲಿ ಪುಣೆಯಲ್ಲಿ ಆಡಬಹುದಾ? ಇದು ಎಲ್ಲರೂ ಕೇಳುವ ಎರಡನೇ ಪ್ರಶ್ನೆ. ಐಪಿಎಸ್‌ಸಿ ಪಿಸ್ತೂಲಿಗೆ ಕನಿಷ್ಠ 9 ಎಂಎಂ ಗುಂಡು ಬೇಕು. ನಮ್ಮ ಕಾನೂನಿನಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯ ಲೈಸನ್ಸ್‌ಗೆ ಸಿಗದ ಅಳತೆ. ಸಾಮಾನ್ಯ ಲೈಸನ್ಸ್‌ನಲ್ಲಿ ಸಿಗುವ .32 (ಇದು ಇಂಚಿನ ಲೆಕ್ಕ) ಅದಕ್ಕಿಂತ ಚಿಕ್ಕದು. ಹಾಗಾಗಿ ಅಲ್ಲಿ ಆಡಿದ ಆಟವನ್ನು ಇಲ್ಲಿ ಹಾಗೇ ಆಡುವುದು ನನಗೆ ಆಗುತ್ತಿಲ್ಲ. ಅದರ ಬೇಸರ ಇದೆ, ಆದರೆ ಕಾನೂನು ಕಾನೂನೇ. ಅಡ್ಡದಾರಿ ಹುಡುಕುವವರ ಜೊತೆ ನಾನು ಮಾತೂ ಆಡುವುದಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಆಟ 25 ಮೀಟರ್ ರ್‍ಯಾಪಿಡ್ ಫೈರ್. .22 ಪಿಸ್ತೂಲು, ಸಾಲಾಗಿ ಐದು ಗುರಿ, ಒಂದೊಂದಕ್ಕೆ ಒಂದು ಗುಂಡು. ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ತೋಳು 45 ಡಿಗ್ರಿ ಕೆಳಗಿರುತ್ತದೆ, ಅಲ್ಲಿಂದ ಎತ್ತಿ ಐದನ್ನೂ ಮುಗಿಸಬೇಕು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದಿದ್ದು ಇದರಲ್ಲೇ. ಹೆಂಗಸರ 25 ಮೀಟರ್ ಪಿಸ್ತೂಲಿನಲ್ಲಿ ಪಕ್ಕದ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್ ಚಿನ್ನ ತಂದರು. ನಿಂತಲ್ಲೇ ಆಡುವ ಆಟವಾದರೂ ಆ 4 ಸೆಕೆಂಡಿನಲ್ಲಿ ಬೇಕಾದ ಹಿಡಿತ ಆಕ್ಷನ್ ಶೂಟಿಂಗ್‌ನದ್ದೇ.

ಹೊಸಬರು ಏರ್ ಪಿಸ್ತೂಲಿನಿಂದಲೇ ಶುರು ಮಾಡಿ. ಪಂದ್ಯದ 4.5 ಎಂಎಂ ಏರ್ ಪಿಸ್ತೂಲಿನ ಶಕ್ತಿ 20 ಜೂಲ್‌ಗಿಂತ ಎಷ್ಟೋ ಕಡಿಮೆ, ಅದಕ್ಕೆ ಲೈಸನ್ಸ್ ಬೇಡ. ಬಾಲೆವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ, ಹಿಂಜವಡಿ ಕಡೆಯವರಿಗೆ ದೂರವೂ ಅಲ್ಲ. ಫೀಸ್ ಕಟ್ಟುವ ಮುಂಚೆ ಯಾವುದೇ ರೇಂಜ್‌ನಲ್ಲಿ ಅರ್ಧ ಗಂಟೆ ಸುಮ್ನೆ ಹಿಂದೆ ನಿಂತು ನೋಡಿ. ಯಾರಾದರೂ ಪಿಸ್ತೂಲು ಹಿಡಿದು ಹಿಂದಕ್ಕೆ ತಿರುಗಿ ಮಾತಾಡುತ್ತಾರಾ? ತಿರುಗಿದರೆ ಕೋಚ್ ಆ ಕ್ಷಣವೇ ತಡೆಯುತ್ತಾರಾ? ತಡೆಯದಿದ್ದರೆ ಬೇರೆ ರೇಂಜ್ ಹುಡುಕಿ.