ಕಡಮತ್‌ನಲ್ಲಿ ಗಡಿಯಾರ ಕಡಲಿನದು

ಕಡಮತ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕೇಳಿಕೊಳ್ಳಬೇಕಾದ್ದು ಒಂದೇ: ಇವತ್ತು ಇಳಿತ ಎಷ್ಟು ಹೊತ್ತಿಗೆ? ಲಕ್ಷದ್ವೀಪದ ಈ ದ್ವೀಪದ ಉದ್ದ 9 ಕಿ.ಮೀ.ಗಿಂತ ತುಸು ಹೆಚ್ಚು, ಅಗಲ ಹೆಚ್ಚೆಂದರೆ ಅರ್ಧ ಕಿ.ಮೀ. ಆಸುಪಾಸು. ಪಶ್ಚಿಮಕ್ಕೆ ಹರವಾದ ಲಗೂನ್ (ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲನೀರು), ಪೂರ್ವಕ್ಕೆ ಕಿರಿದಾದ ಹವಳದ ಅಂಚು, ಅದರಾಚೆ ಆಳ ಕಡಲು. ಮದ್ಯ ನಿಷೇಧ. ಇಲ್ಲಿ ಮಾಡುವುದೆಲ್ಲ ನೀರಿನ ಜೊತೆಯ ಕೆಲಸ. ಅದರ ಏರಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ.

ಪ್ರವೇಶ ಪರ್ಮಿಟ್ ಇಲ್ಲದೆ ಟಿಕೆಟ್ ತೆಗೆದರೆ ದುಡ್ಡು ದಂಡ. ಪರ್ಮಿಟ್‌ನ ಎರಡು ಮುದ್ರಿತ ಪ್ರತಿ ಇರಲಿ, ಇಳಿದ ಮೇಲೆ ಪೊಲೀಸ್ ಠಾಣೆಗೆ ತೋರಿಸಬೇಕು. ಕೊಚ್ಚಿಯಿಂದ ಹಡಗು, ಇಲ್ಲವೇ ಅಗತ್ತಿ ದ್ವೀಪದವರೆಗೆ ವಿಮಾನ, ಅಲ್ಲಿಂದ ದೋಣಿ. ಹೋಗುವುದಾದರೆ ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ. ಮಳೆಗಾಲದ ಕಡಲು ಯಾರ ಮಾತೂ ಕೇಳದು. ಅಲೆ ಜೋರಿದ್ದರೆ ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಂತು, ಜನ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಚೀಲ ಬೆನ್ನಿಗಿರಲಿ, ಎರಡೂ ಕೈ ಖಾಲಿಯಿರಲಿ. ದೋಣಿ ಅಲೆಯ ಮೇಲೆ ಪೂರ್ತಿ ಏರಿದಾಗ, ಖಲಾಸಿ ಹೇಳಿದ ಕ್ಷಣಕ್ಕೆ ಕಾಲಿಡಬೇಕು. ಅನುಮಾನಿಸಿ ಅರ್ಧಕ್ಕೆ ನಿಂತವರೇ ಬೀಳುವುದು. ವಾಂತಿಯ ಮಾತ್ರೆ ಹಡಗು ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ, ಹೊಟ್ಟೆ ತೊಳಸಿದ ಮೇಲೆ ಉಪಯೋಗವಿಲ್ಲ.

ಸ್ನಾರ್ಕೆಲಿಂಗ್‌ಗೆ (ಮಾಸ್ಕ್, ಉಸಿರಿನ ಕೊಳವೆ ಹಾಕಿ ಮುಖ ನೀರಿಗಿಟ್ಟು ತೇಲುವುದು) ಉಬ್ಬರ ತುಂಬಿ ನೀರು ನಿಂತಿರುವ ಹೊತ್ತು ಒಳ್ಳೆಯದು, ಅದರ ಹಿಂದೆ ಮುಂದೆ ಒಂದೊಂದು ಗಂಟೆ. ಇಳಿತ ಶುರುವಾದರೆ ಲಗೂನ್‌ನ ನೀರೆಲ್ಲ ದಿಬ್ಬದ ಕಂಡಿಗಳಿಂದ ಹೊರಕ್ಕೆ ನುಗ್ಗುತ್ತದೆ, ಅತ್ತ ಸುಳಿಯಲೇಬಾರದು. ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ ಅಡ್ಡಲಾಗಿ ಈಜಿ. ಮಾಸ್ಕ್ ಬಾಡಿಗೆಗೆ ತೆಗೆದುಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ತಾನೇ ಅಂಟಿ ನಿಂತರೆ ಅದು ನಿಮ್ಮದು. ಮೀಸೆಯವರಿಗೆ ಸೋರುತ್ತದೆ, ಮೀಸೆಗೆ ಒಂದಿಷ್ಟು ವ್ಯಾಸಲೀನ್ ಬಳಿದರೆ ಸಾಕು. ಗಾಜು ಮಬ್ಬಾಗದಿರಲು ಒಳಬದಿಗೆ ಉಗುಳಿ, ಬೆರಳಲ್ಲಿ ಸವರಿ, ಒಂದೇ ಸಲ ನೀರಲ್ಲಿ ಅಲುಬಿ. ಅಸಹ್ಯವೆನಿಸಿದರೂ ಅಂಗಡಿಯ ದ್ರಾವಣಕ್ಕೇನೂ ಕಡಿಮೆಯಿಲ್ಲ. ತುಂಬು ತೋಳಿನ ಅಂಗಿ ಹಾಕದವರ ಬೆನ್ನು ಸಂಜೆಗೆ ಬೆಂದಿರುತ್ತದೆ. ಸುಸ್ತಾಯಿತೆಂದು ಹವಳದ ಮೇಲೆ ನಿಲ್ಲಬೇಡಿ: 1998, 2010, 2016ರಲ್ಲಿ ಕಡಲು ಕಾದು ಇಲ್ಲಿನ ಹವಳ ಬಿಳಿಚಿ ಬಹಳಷ್ಟು ಸತ್ತಿದೆ, ಈಗಿರುವುದು ಉಳಿದದ್ದು ಮತ್ತು ಹೊಸದಾಗಿ ಚಿಗುರಿದ್ದು. ಲಗೂನ್‌ನ ಕಡಲಹುಲ್ಲು ಮೇಯುವ ಹಸಿರು ಆಮೆ ಕಂಡರೆ ಬೆನ್ನಟ್ಟದೆ ಸುಮ್ಮನೆ ತೇಲಿ, ಉಸಿರಿಗೆ ಅದೇ ಮೇಲೆ ಬರುತ್ತದೆ.

ಇಳಿತದ ಹೊತ್ತು ದಿಬ್ಬದ ಮೇಲಿನ ಮರಳು, ಬರಿಗಲ್ಲುಗಳಲ್ಲಿ ನಡೆಯಬಹುದು, ದಪ್ಪ ಅಟ್ಟೆಯ ಶೂ ಹಾಕಿಕೊಂಡು. ಕಲ್ಲುಮೀನು ಕಲ್ಲಿನ ಹಾಗೇ ಬಿದ್ದಿರುತ್ತದೆ. ಅದರ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟುಕೊಂಡು ಆಸ್ಪತ್ರೆಗೆ ಹೇಳಿಕಳಿಸಿ. ಚೆಂದದ ಶಂಕುವಿನಾಕಾರದ ಚಿಪ್ಪನ್ನು ಕೈಗೆತ್ತಿಕೊಳ್ಳಬಾರದು, ಒಳಗಿನ ಹುಳುವಿನ ವಿಷ ಪ್ರಾಣಕ್ಕೇ ಎರವಾದೀತು. ನೀರು ಮರಳಿ ಏರುವುದು ಕಾಲ ಕೆಳಗಿನಿಂದಲ್ಲ, ಬೆನ್ನ ಹಿಂದಿನ ತಗ್ಗುಗಳಿಂದ. ಇಳಿತ ತಳ ಮುಟ್ಟಿದ ಕೂಡಲೇ ದಡದತ್ತ ತಿರುಗಿ.

ಕಯಾಕ್‌ನಲ್ಲಿ ಹೋಗುವಾಗ ಗಾಳಿಗೆ ಎದುರಾಗಿ ಹೊರಡಿ, ದಣಿದು ಬರುವಾಗ ಗಾಳಿಯೇ ತಳ್ಳುತ್ತದೆ. ನೆಗಡಿಯಿದ್ದರೆ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಮುಳುಗುವುದು) ಬೇಡ, ಕಿವಿಯ ಒತ್ತಡ ಸರಿಯಾಗದೆ ತಮಟೆ ಹರಿಯಬಹುದು. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ 18 ಗಂಟೆ ಬಿಡಿ.

ಊರೊಳಗೆ ಮೈತುಂಬ ಬಟ್ಟೆಯಿರಲಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ತೆರೆದಿರುತ್ತದೆಂದು ನಂಬಬೇಡಿ. ಮರಳಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಪದರವಷ್ಟೇ. ಅತಿಯಾಗಿ ಎತ್ತಿದರೆ ಬಾವಿಯೇ ಉಪ್ಪಾಗುತ್ತದೆ, ಸ್ನಾನಕ್ಕೆ ಬಕೆಟ್ ಒಂದೇ ಸಾಕು. 2024ರಲ್ಲಿ ದಿನಕ್ಕೆ 1.5 ಲಕ್ಷ ಲೀಟರ್ ಕೊಡುವ ಕಡಲನೀರು ಸಿಹಿಗೊಳಿಸುವ ಘಟಕವೂ ಇಲ್ಲಿ ಉದ್ಘಾಟನೆಯಾಯಿತು. ಲಗೂನ್ ಅಂಚಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ನಾರಿಗಾಗಿ ತಿಂಗಳುಗಟ್ಟಲೆ ಹೂತಿಟ್ಟ ತೆಂಗಿನ ಸಿಪ್ಪೆ ಅದು. 1956ರವರೆಗೆ ಈ ದ್ವೀಪ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಇಲ್ಲಿನ ಹುರಿ ಮಂಗಳೂರಿಗೆ, ಅಲ್ಲಿನ ಅಕ್ಕಿ ಇಲ್ಲಿಗೆ. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಇಂದಿಗೂ ಲಕ್ಷದ್ವೀಪಕ್ಕೆ ಸಾಮಾನು ಹೊರುತ್ತವೆ.

ಮನೆಗೆ ಒಯ್ಯಲು ಒಣ ಬಾಳೆಲೆಯಲ್ಲಿ ಸುತ್ತಿದ ತೆಂಗು-ಬೆಲ್ಲದ ಉಂಡೆ ಇದೆ. ಹವಳದ ಚೂರು, ಸತ್ತದ್ದೇ ಆದರೂ, ಚೀಲದಲ್ಲಿ ಸಿಕ್ಕರೆ ಕೇಸು.