ಪದ್ಮಿನಿಗೆ ಜಿಪ್ಸಿ ಎಂಜಿನ್: ಆಕ್ಸಿಲರೇಟರ್ ಹೊಂದಿಸಿದ ಒಂದು ದಿನ

ಎಂಜಿನ್ ಬದಲಾಯಿಸಿದ ಹಳೇ ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ ಕೈ ಹೋಗುವುದು ಕಾರ್ಬೊರೇಟರ್ ಜೆಟ್ಟಿಗೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ನೋಡುವುದಕ್ಕೆ. ಮೈಸೂರಿನ ಬನ್ನಿಮಂಟಪದ ಕಡೆಯ ಶೆಡ್ಡಿಗೆ ಬಂದಿದ್ದ 1984ರ ಪ್ರೀಮಿಯರ್ ಪದ್ಮಿನಿಗೂ ಅದೆಲ್ಲ ಆಗಿಹೋಗಿತ್ತು. ಅದರ 1089 ಸಿಸಿ ಎಂಜಿನ್ ಇಳಿಸಿ ಮಾರುತಿ ಜಿಪ್ಸಿಯ 1298 ಸಿಸಿ ಕಾರ್ಬೊರೇಟರ್ ಎಂಜಿನ್ ಕೂರಿಸಿದ್ದರು. ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಕೆಲಸ ಚೊಕ್ಕವಾಗಿಯೇ ಇತ್ತು. ಆದರೂ ಮೂರನೇ ಗೇರಿನಲ್ಲಿ ಪೂರ್ತಿ ತುಳಿದರೆ ಗಾಡಿ ಏಳುತ್ತಿರಲಿಲ್ಲ, ಮೊದಲ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಕುಪ್ಪಳಿಸುತ್ತಿತ್ತು.

ಇಂಥ ಗಾಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಟಾರ್ಚ್, ಇನ್ನೊಬ್ಬರ ಕಾಲು ಸಾಕು. ಎಂಜಿನ್ ಆಫ್ ಇರಲಿ, ಏರ್ ಫಿಲ್ಟರ್ ಬಿಚ್ಚಿ, ಚೋಕ್ ಪೂರ್ತಿ ತೆರೆದಿರಲಿ. "ಅಣ್ಣ, ಕೂತ್ಕೊಂಡು ಪೂರ್ತಿ ತುಳೀರಿ" ಅಂದು ಕಾರ್ಬೊರೇಟರ್ ಬಾಯಲ್ಲಿ ಬೆಳಕು ಬಿಟ್ಟು ನೋಡಬೇಕು. ಬಾನೆಟ್ ಕಡೆ ನಿಂತು ಕೈಯಲ್ಲಿ ಲಿವರ್ ಎಳೆದು ನೋಡಿದರೆ ಪ್ರಯೋಜನವಿಲ್ಲ, ಕೈಯಲ್ಲಿ ಎಳೆದಾಗ ಎಲ್ಲ ಕಾರ್ಬೊರೇಟರೂ ಪೂರ್ತಿ ತೆರೆಯುತ್ತದೆ. ಈ ಪದ್ಮಿನಿಯಲ್ಲಿ ಪೆಡಲ್ ನೆಲ ಮುಟ್ಟಿದಾಗಲೂ ಬಟರ್‌ಫ್ಲೈ ಎಂಬ, ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ ನೆಟ್ಟಗೆ ನಿಲ್ಲದೆ ಓರೆಯಾಗಿಯೇ ಉಳಿಯಿತು. ಎರಡು ಬ್ಯಾರೆಲ್ಲಿನ, ಅಂದರೆ ಎರಡು ಗಾಳಿ ಕೊಳವೆಯ ಕಾರ್ಬೊರೇಟರಿನಲ್ಲಿ ಇದರಿಂದ ಆಗುವ ನಷ್ಟ ದೊಡ್ಡದು. ಮೊದಲ ಬ್ಯಾರೆಲ್ ಬಹುಪಾಲು ತೆರೆದ ಮೇಲೆಯೇ ಎರಡನೆಯದಕ್ಕೆ ಸರದಿ ಬರುವುದು. ಎಳೆತ ಅಷ್ಟು ದೂರ ತಲುಪದಿದ್ದರೆ ಗಾಡಿ ಅರ್ಧ ಕಾರ್ಬೊರೇಟರಿನಲ್ಲೇ ಓಡುತ್ತಿರುತ್ತದೆ.

ಮುಂದಿನದು ಲೆಕ್ಕ. ಕಾರ್ಬೊರೇಟರ್ ಲಿವರಿಗೆ ತೆಳು ತಂತಿ ಕಟ್ಟಿ, ಐಡ್ಲಿಂಗ್‌ನಿಂದ ಪೂರ್ತಿ ತೆರೆಯುವವರೆಗೆ ಎಷ್ಟು ಎಳೆಯಬೇಕು ಅಂತ ಸ್ಕೇಲಿನಲ್ಲಿ ನೋಡಿದಾಗ 38 ಮಿ.ಮೀ. ಬಂತು. ಪೆಡಲ್ ಕಡೆ, ತಿರುಗಣಿಯಿಂದ ಕಾಲಿಡುವ ಪಟ್ಟಿಯವರೆಗೆ 200 ಮಿ.ಮೀ., ಪಟ್ಟಿಯ ಓಡಾಟ 75 ಮಿ.ಮೀ. ತಿರುಗಣಿಯಿಂದ 75 ಮಿ.ಮೀ. ದೂರದಲ್ಲಿ, ಪೆಡಲನ್ನು ಕಾರ್ಬೊರೇಟರಿಗೆ ಜೋಡಿಸುವ ಹಳೇ ರಾಡ್ ಸಿಕ್ಕಿಸಿತ್ತು. ಅಂದರೆ 75ನ್ನು 75ರಿಂದ ಗುಣಿಸಿ 200ರಿಂದ ಭಾಗಿಸಿದರೆ ಸಿಗುವ ಓಟ 28 ಮಿ.ಮೀ. ಮಾತ್ರ. ಬೇಕಾದ್ದು 38, ಜೊತೆಗೆ ಕೇಬಲ್ ಸಡಿಲಕ್ಕೆ 2, ಒಟ್ಟು 40. ಅದಕ್ಕೆ ತೋಳು, ಅಂದರೆ ತಿರುಗಣಿಯಿಂದ ರಾಡ್ ಅಥವಾ ಕೇಬಲ್ ಸಿಕ್ಕಿಸುವ ಜಾಗಕ್ಕಿರುವ ದೂರ, 107 ಮಿ.ಮೀ. ಇರಬೇಕು.

ಕಾರ್ಬೊರೇಟರ್ ಲಿವರನ್ನೇ ಗಿಡ್ಡ ಮಾಡಿದರೂ ಲೆಕ್ಕ ಕೂಡುತ್ತದೆ, ಹಾಗೆ ಮಾಡಿದ ಗಾಡಿಗಳೂ ಇವೆ. ಅದು ಬೇಡ. ಚೋಕಿನ ಫಾಸ್ಟ್ ಐಡಲ್ ಕೊಂಡಿ, ಎರಡನೇ ಬ್ಯಾರೆಲ್ಲಿನ ತಡೆ ಎಲ್ಲವೂ ಆ ಲಿವರ್ ಸುತ್ತಲೇ ಇರುತ್ತವೆ. ಅಲ್ಲಿ ವೆಲ್ಡಿಂಗ್ ಶಾಖ ತಗುಲಿದರೆ ಬಟರ್‌ಫ್ಲೈ ಕೂತಿರುವ ಸ್ಪಿಂಡಲ್ ಬಾಗುತ್ತದೆ. ಪೆಡಲ್ ತೋಳು ಕೆಟ್ಟರೆ ಇನ್ನೊಂದು ಮಾಡಬಹುದು.

ಕುಪ್ಪಳಿಸುವುದಕ್ಕೆ ಕಾರಣ ರಾಡು. ಹಳೇ ರಾಡಿಗೇ ತುಂಡು ಬೆಸೆದು ಹೊಸ ಕಾರ್ಬೊರೇಟರಿಗೆ ಮುಟ್ಟಿಸಿದ್ದರು. ಅದರ ಒಂದು ತುದಿ ಬಾಡಿಯಲ್ಲಿ, ಇನ್ನೊಂದು ಎಂಜಿನ್ನಿನಲ್ಲಿ. ಕ್ಲಚ್ ಹಿಡಿದಾಗ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದಾಗ ರಾಡು ತಾನಾಗಿಯೇ ರೇಸ್ ಕೊಡುತ್ತದೆ, ವಾಪಸ್ ಬಂದಾಗ ಕಡಿಮೆ ಮಾಡುತ್ತದೆ, ಕಾಲು ಅಲುಗದೇ ಇದ್ದರೂ ಗಾಡಿ ಜಿಗಿಯುತ್ತದೆ. ಕೇಬಲ್ ಹಾಕಿ, ಅದರ ಔಟರ್ (ಹೊರ ಕವಚ) ತುದಿಯನ್ನು ಎಂಜಿನ್ ಮೇಲೆಯೇ ಬಿಗಿದರೆ ಈ ತೊಂದರೆ ಬುಡದಿಂದ ಹೋಗುತ್ತದೆ. ಎಂಜಿನ್ ಎಷ್ಟು ವಾಲಿದರೂ ಬಾಗುವುದು ಔಟರ್, ಇನ್ನರ್ (ಒಳಗಿನ ತಂತಿ) ಎಳೆತ ಹಾಗೇ ಉಳಿಯುತ್ತದೆ. ಹಾಗಾಗಿ ಬ್ರಾಕೆಟ್ಟನ್ನು 3 ಮಿ.ಮೀ. ಪಟ್ಟಿಯಲ್ಲಿ ಮಾಡಿ ಇನ್‌ಟೇಕ್ ಮ್ಯಾನಿಫೋಲ್ಡಿನ ಸ್ಟಡ್‌ಗೆ ಕಟ್ಟಿದ್ದಾಯಿತು.

ರಾಡು ತಳ್ಳುತ್ತಿತ್ತು, ಕೇಬಲ್ ಎಳೆಯಲು ಮಾತ್ರ ಬರುತ್ತದೆ. ಆದ್ದರಿಂದ ಹೊಸ ತೋಳನ್ನು ತಿರುಗಣಿಯ ಮೇಲ್ಭಾಗಕ್ಕೆ ಬೆಸೆಯಬೇಕು. ಕಾಲು ಮುಂದಕ್ಕೆ ಒತ್ತಿದಾಗ ಮೇಲಿನ ತುದಿ ಹಿಂದಕ್ಕೆ ಬಂದು ಕೇಬಲ್ ಎಳೆಯುತ್ತದೆ. ತೋಳು 75ರಿಂದ 107ಕ್ಕೆ ಉದ್ದವಾದ್ದರಿಂದ ಅದೇ ಸ್ಪ್ರಿಂಗಿಗೆ ಪೆಡಲ್ ಸುಮಾರು ಶೇ 40ರಷ್ಟು ಗಟ್ಟಿಯಾಗುತ್ತದೆ, ಪೆಡಲ್ ಕಡೆಗೆ ಮೆದು ಸ್ಪ್ರಿಂಗ್ ಹುಡುಕಬೇಕಾಗುತ್ತದೆ. ಎಂಜಿನ್ ಕಡೆಗೂ ಕೂರುವ ಕಡೆಗೂ ನಡುವಿನ ಫೈರ್‌ವಾಲ್ ತಗಡಿಗೆ ಬರೀ ತೂತು ಕೊರೆದು ಔಟರ್ ಕೂರಿಸಿದರೆ ತುಳಿದಾಗಲೆಲ್ಲ ತಗಡೇ ಬಾಗಿ, ಕಷ್ಟಪಟ್ಟು ಗಳಿಸಿದ ಮಿಲಿಮೀಟರ್‌ಗಳು ಅಲ್ಲೇ ಕಳೆದುಹೋಗುತ್ತವೆ. ತಗಡಿನ ಹಿಂಬದಿಗೆ 60×60 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಪ್ಲೇಟ್ ಕೊಟ್ಟರೆ ನಿಲ್ಲುತ್ತದೆ.

ಕೇಬಲ್ ಮಾಡಿಸುವಾಗ ಅಂಗಡಿಯವರಿಗೆ ಎರಡು ಅಳತೆ ಬೇಕು: ಔಟರ್ ಎಷ್ಟು, ಇನ್ನರ್ ಒಟ್ಟು ಎಷ್ಟು. ದಾರವನ್ನು ಕೇಬಲ್ ಹೋಗುವ ಹಾದಿಯಲ್ಲೇ ಹಾಯಿಸಿ ಅಳೆಯಿರಿ. ತಿರುವುಗಳು ಅಗಲವಾಗಿರಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿರಲಿ. ಒಳಗೆ ಲೈನಿಂಗ್ ಇರುವ ಔಟರ್ ಆದರೆ ಗ್ರೀಸ್ ಹಾಕಬೇಡಿ, ಧೂಳು ಕೂತು ಹಿಡಿದುಕೊಳ್ಳುತ್ತದೆ. ಲಿವರ್ ತುದಿಯ ನಿಪ್ಪಲ್ (ತಂತಿಯ ತುದಿಯ ಗುಂಡು) ತನ್ನ ತೂತಿನಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ತಂತಿ ಪ್ರತಿ ಸಲವೂ ಅದೇ ಜಾಗದಲ್ಲಿ ಮಡಚಿ ಎಳೆ ಎಳೆಯಾಗಿ ಕಡಿಯುತ್ತದೆ.

ಅರ್ತ್ ಪಟ್ಟಿಯ ವಿಷಯ ಒತ್ತಿ ಹೇಳಬೇಕು. ಎಂಜಿನ್ ಬದಲಾಯಿಸುವಾಗ ಎಂಜಿನ್ನಿನಿಂದ ಬಾಡಿಗೆ ಹೋಗುವ ದಪ್ಪ ಅರ್ತ್ ವೈರ್ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಆಗ ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ತಂತಿ ಕಾದು ಲೈನಿಂಗ್ ಕರಗುತ್ತದೆ, ತುಳಿದ ಪೆಡಲ್ ವಾಪಸ್ ಬರುವುದಿಲ್ಲ. ಹೊಸ ಕೇಬಲ್ ಪದೇ ಪದೇ ಹಿಡಿದುಕೊಳ್ಳುತ್ತಿದ್ದರೆ ಮೊದಲು ಅರ್ತ್ ನೋಡಿ.

ಸ್ಪ್ರಿಂಗ್ ಎರಡಿರಲಿ: ಒಂದು ಕಾರ್ಬೊರೇಟರ್ ಲಿವರಿಗೆ, ಒಂದು ಪೆಡಲಿಗೆ. ಕಾರ್ಬೊರೇಟರ್ ಕಡೆಯದು ಒಂಟಿಯಾಗಿಯೇ ಬಟರ್‌ಫ್ಲೈ ಮುಚ್ಚಬೇಕು, ಕೇಬಲ್ ತುಂಡಾದ ದಿನ ಕಾಪಾಡುವುದು ಅದೇ. ಪೆಡಲ್ ಕೆಳಗೆ ಲಾಕ್‌ನಟ್ ಇರುವ ಎಂ8 ಬೋಲ್ಟ್ ಕೂರಿಸಿ, ಬಟರ್‌ಫ್ಲೈ ನೆಟ್ಟಗಾದ ಕ್ಷಣದಲ್ಲೇ ಪೆಡಲ್ ಅದಕ್ಕೆ ತಾಗುವಂತೆ ಹೊಂದಿಸಬೇಕು. ಇಲ್ಲದಿದ್ದರೆ ಕಾಲಿನ ಭಾರವೆಲ್ಲ ಕಾರ್ಬೊರೇಟರ್ ಸ್ಪಿಂಡಲಿನ ಮೇಲೆ ಬೀಳುತ್ತದೆ. ಇದನ್ನು ನೆಲದ ಮ್ಯಾಟ್ ಹಾಸಿಕೊಂಡೇ ಮಾಡಿ.

ಸಂಜೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗಾಡಿ ಮೂರನೇ ಗೇರಿನಲ್ಲೇ ಎಳೆಯಿತು, ಎರಡನೇ ಬ್ಯಾರೆಲ್ ತೆರೆಯುವ ಸದ್ದು ಒಳಗೇ ಕೇಳುತ್ತಿತ್ತು. ಮೇಲೆ ನಿಲ್ಲಿಸಿದಾಗ ನೋಡಬೇಕಾದ್ದು ಐಡ್ಲಿಂಗ್. ಬಿಸಿ ಎಂಜಿನ್ನಿನಲ್ಲೂ ಆರ್‌ಪಿಎಂ ತಟ್ಟನೆ ಇಳಿದರೆ ಕೇಬಲ್ ಸರಿಯಾಗಿದೆ, ನಿಧಾನವಾಗಿ ಇಳಿದರೆ ಎಲ್ಲೋ ಉಜ್ಜುತ್ತಿದೆ. ಹೊಸ ಕೇಬಲ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕೂರುತ್ತದೆ, ಆಮೇಲೆ ಅಡ್ಜಸ್ಟರ್ ತಿರುಗಿಸಿ ಸಡಿಲವನ್ನು ಮತ್ತೆ 2 ಮಿ.ಮೀ.ಗೆ ತರಬೇಕು. ಹೊಸ ಎಂಜಿನ್ ನಂಬರು ಆರ್‌ಸಿಯಲ್ಲಿ ಏರಿಲ್ಲದಿದ್ದರೆ, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಕೆಲಸವನ್ನೂ ಆಗಲೇ ಮುಗಿಸಿಕೊಳ್ಳಿ.